ಹತ್ತಿಯ ಕಾಲದಲ್ಲಿ ಮಲ್ಹಾರ

ನಮ್ಮ ಮನೆಯಲ್ಲಿ ದಸರಾದಿಂದ ಸಂಕ್ರಾಂತಿಯ ತನಕ ಮಳೆಯ ಸುದ್ದಿ ಎತ್ತುವಂತಿಲ್ಲ. ಮನೆಯ ಬೆನ್ನಿಗೇ ನಮ್ಮ ಜಿನ್ನು ಇದೆ, ಹತ್ತಿಯಿಂದ ಕಾಳು ಬಿಡಿಸುವ ಮಿಲ್ಲು. ಅದರ ಮುಂದೆ ದೊಡ್ಡ ಅಂಗಳ. ಆ ಮೂರು ತಿಂಗಳು ಅಂಗಳದ ತುಂಬ ಹತ್ತಿಯ ಗುಡ್ಡೆಗಳು, ಮೇಲೆ ಬರೀ ಆಕಾಶ. ಒಂದು ಜೋರು ಮಳೆ ಸಾಕು, ಬಿಳಿ ಹತ್ತಿ ಹಳದಿಗೆ ತಿರುಗಿ, ಒಳಗೊಳಗೇ ಕಾವೆದ್ದು ವಾಸನೆ ಹೊಡೆಯುತ್ತದೆ. ಹಾಗಾಗಿ ಆದವಾನಿಯ ಹತ್ತಿ ವ್ಯಾಪಾರದ ಮನೆಗಳಲ್ಲಿ ಆ ದಿನಗಳಲ್ಲಿ "ಮೋಡ ಆಗೈತಿ" ಅನ್ನುವುದನ್ನೂ ಯಾರೋ ತೀರಿಕೊಂಡ ಸುದ್ದಿಯಂತೆ ದನಿ ತಗ್ಗಿಸಿ ಹೇಳುತ್ತಾರೆ.

ನಾನು ಹುಟ್ಟಿ ಬೆಳೆದದ್ದು ದೇವನಕೊಂಡದ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಹೊಲಕ್ಕೆ ಮೇಲಿನ ನೀರೇ ನೀರು. ಮೃಗಶಿರ ಬಂತೆಂದರೆ ಊರಿಗೆ ಊರೇ ಕತ್ತೆತ್ತಿ ನಿಂತಿರುತ್ತದೆ. ಹೀಗೆ ತವರಿಗೆ ಮಳೆ ಬೇಕು, ಗಂಡನ ಮನೆಗೆ ಬೇಡ, ನಡುವೆ ನಾನು. ಸುಮ್ಮನೆ ಇರಬೇಕಾದವಳು ಹೋಗಿ ಸಂಗೀತ ಕಲಿತೆ, ಅದರಲ್ಲೂ ಮಲ್ಹಾರಕ್ಕೆ ಗಂಟುಬಿದ್ದೆ. ಇರಲಾರದವರು ಇರುವೆ ಬಿಟ್ಟುಕೊಂಡರಂತೆ, ಆ ಪೈಕಿ ನಾನು.

ನನ್ನ ಗುರುಗಳು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಹುಬ್ಬಳ್ಳಿ ಕಡೆಯವರು. ವರ್ಗವಾಗಿ ಬಂದು, ಇಲ್ಲೇ ನಿವೃತ್ತರಾಗಿ, ಹೆಂಡತಿ ಹೋದ ಮೇಲೂ ಸ್ಟೇಷನ್ನಿನ ಹತ್ತಿರದ ಬಾಡಿಗೆ ಮನೆಯಲ್ಲೇ ಹಾರ್ಮೋನಿಯಂ ಇಟ್ಟುಕೊಂಡು ಉಳಿದಿದ್ದರು. ಮಗಳು ಶಾಲೆಗೆ ಸೇರಿದ ವರ್ಷ ನಾನು ಅವರಲ್ಲಿಗೆ ಹೋಗತೊಡಗಿದೆ. ಒಪ್ಪಿಗೆ ಕೊಟ್ಟವರು ನನ್ನ ಮಾವನವರೇ. "ಕಲೀಲಿ ಬಿಡು. ನಾಕು ವಚನ ಹಾಡಿದ್ರ ಮಠದಾಗ ನಮ್ಮ ಮನಿ ಹೆಸರು ಉಳೀತೈತಿ" ಅಂದಿದ್ದರು. ಅವರು ಒಪ್ಪಿದ್ದು ವಚನಕ್ಕೆ. ನಾನು ವಚನದ ಬಾಗಿಲಿಂದ ಒಳಹೊಕ್ಕು ಹಿಂದೂಸ್ತಾನಿ ಖಯಾಲಿನ ಕೋಣೆಯಲ್ಲಿ ಕೂತುಬಿಟ್ಟೆ. ಅವರಿಗೆ ಅದು ಗೊತ್ತಾಗುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು.

ಮುಂದಿನ ರಾದ್ಧಾಂತಕ್ಕೆಲ್ಲ ಮೂಲ ಗುರುಗಳ ಬಾಯಿ. ಒಂದು ಶ್ರಾವಣ ಸೋಮವಾರ ಅವರನ್ನು ಮನೆಗೆ ಊಟಕ್ಕೆ ಕರೆದಿದ್ದೆವು. ಹೋಳಿಗೆ ತುಪ್ಪ ಹೊಟ್ಟೆಗೆ ಬಿದ್ದ ಮೇಲೆ ಅವರಿಗೆ ಮಾತು ಬಂತು. ಹಿಂದೆ ಬಾದಶಹನ ಆಸ್ಥಾನದಲ್ಲಿ ಗವಾಯಿಯೊಬ್ಬ ಮಲ್ಹಾರ ಹಾಡಿದ್ದು, ಬಿರುಬಿಸಿಲಿನಲ್ಲಿ ಮೋಡ ಕವಿದು ಮಳೆ ಸುರಿದದ್ದು, ಎಲ್ಲ ಕೈ ಆಡಿಸಿ ಹೇಳಿದರು. ಮಾವನವರು ಹೋಳಿಗೆಯ ಮೇಲೆ ಕೈ ಇಟ್ಟುಕೊಂಡೇ ಕೇಳಿದರು.

"ಈಗ ಹಾಡಿದ್ರೂ ಬರ್ತೈತೇನ್ರಿ?"

"ಶುದ್ಧ ಹಾಡಿದ್ರ ಬರಲಿಕ್ಕೇ ಬೇಕ್ರಿ" ಅಂದರು ಗುರುಗಳು, ಮಜ್ಜಿಗೆ ಕುಡಿಯುತ್ತ.

ಮಾವನವರು ಆಡಿದ ಮಾತಿಗೆ ತಪ್ಪಿದವರಲ್ಲ. ಹತ್ತಿ ಮಾರ್ಕೆಟ್ಟಿನಲ್ಲಿ ಐವತ್ತು ವರ್ಷ ಬಾಯಿಮಾತಿನ ಮೇಲೆ ವ್ಯಾಪಾರ ಮಾಡಿದವರು. ಬೇರೆಯವರ ಮಾತನ್ನೂ ಹಾಗೇ ತೆಗೆದುಕೊಳ್ಳುತ್ತಾರೆ. ಹಿರಿಯ ಮನುಷ್ಯ, ಮನೆಯಲ್ಲಿ ಉಂಡು, ಬರಲಿಕ್ಕೇ ಬೇಕು ಅಂದ ಮೇಲೆ ಅದು ಅವರ ಮಟ್ಟಿಗೆ ಇತ್ಯರ್ಥವಾದ ಮಾತು.

ಅದೇ ವರ್ಷ ದಸರಾ ಮುಗಿದ ವಾರ ನಾನು ಅಡುಗೆಮನೆಯಲ್ಲಿ ಹೊಸದಾಗಿ ಕಲಿತ ಮಲ್ಹಾರವನ್ನು ಗುನುಗುತ್ತ ರೊಟ್ಟಿ ತಟ್ಟುತ್ತಿದ್ದೆ. ಮಧ್ಯಾಹ್ನ ಎಲ್ಲಿಂದಲೋ ಮಳೆ ಬಂದು ಹೊಡೆದು, ಅಂಗಳದ ಎರಡು ಗುಡ್ಡೆ ಪೂರ್ತಿ ನೆನೆದುಹೋದವು. ರಾತ್ರಿ ಊಟಕ್ಕೆ ಕೂತಾಗ ಮಾವನವರು ಕೇಳಿದರು:

"ಇವತ್ತು ರೊಟ್ಟಿ ಬಡಿಯಾಕ ಕುಂತಾಗ ಏನ್ ಹಾಡಾಕತ್ತಿದ್ದೆವ್ವ?"

"ಮಲ್ಹಾರ್ ರಿ ಮಾವಾರ."

"ಏನಂದಿ? ಮಳ್ಳಾ ರಾ?"

ನಮ್ಮಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು. ತೆಲುಗಿನಲ್ಲಿ ಮಳ್ಳಾ ರಾ ಅಂದರೆ ಮತ್ತೆ ಬಾ. ಅವರ ಕಿವಿಗೆ ರಾಗದ ಹೆಸರು ಹಾಗೆ ಬಿತ್ತು, ಬಿದ್ದದ್ದು ಏಳಲಿಲ್ಲ.

"ಹೋದ ಮಳೀನ್ನ ನಿಂತು ಮಳ್ಳಾ ರಾ, ಮಳ್ಳಾ ರಾ ಅಂತ ಕರದ್ರ ಅದು ಬರದೆ ಏನ್ ಮಾಡ್ತೈತಿ?"

ನಾನು ನಕ್ಕುಬಿಟ್ಟೆ. ನನ್ನ ಗಂಡ ತಟ್ಟೆ ನೋಡುತ್ತ ಕೂತಿದ್ದರು. ಮಾವನವರು ನಗಲಿಲ್ಲ, ಸಿಟ್ಟನ್ನೂ ಮಾಡಲಿಲ್ಲ. ಹತ್ತಿ ಇರುವ ತನಕ ಈ ಮನೆಯಲ್ಲಿ ಅದೊಂದು ರಾಗ ಬೇಡ, ಬೇರೆ ಏನು ಬೇಕಾದರೂ ಹಾಡು ಅಂದರು. ಸಿಟ್ಟು ಮಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದವರ ಹತ್ತಿರ ಜಗಳ ತೆಗೆಯುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೂ ಸುಮ್ಮನಿರಲಿಲ್ಲ. ಮುಂದಿನ ಆಷಾಢದಲ್ಲಿ ನಮ್ಮ ತವರಿನಲ್ಲಿ ಮಳೆ ಹಿಂದೆ ಬಿದ್ದಿತ್ತು. ಅಣ್ಣ ಫೋನ್ ಮಾಡಿ, "ನಿನ್ನ ಹಾಡಿನ ಸುದ್ದಿ ಇಲ್ಲೀ ತನಕ ಬಂದೈತಿ. ನಮ್ಮ ಹೊಲಕ್ಕೂ ಒಂದೀಟು ಹಾಡವ್ವ" ಅಂತ ಕಿಚಾಯಿಸಿದ. ಫೋನನ್ನು ಸ್ಪೀಕರಿಗೆ ಹಾಕಿ ಬದುವಿನ ಮೇಲೆ ಇಟ್ಟ. ನಾನು ಅರ್ಧ ತಾಸು ಹಾಡಿದೆ. ಒಂದು ಹನಿ ಬೀಳಲಿಲ್ಲ. ಗೆದ್ದೆ ಅಂದುಕೊಂಡು ಈ ಸಾಕ್ಷಿಯನ್ನು ಮಾವನವರ ಮುಂದೆ ಇಟ್ಟೆ.

"ಫೋನಿನಾಗ ಹಾಡಿದ್ರ ಫೋನಿಗೆ ಕೇಳ್ತೈತಿ. ಮೋಡಕ್ಕ ಎಲ್ಲಿ ಕೇಳ್ಬೇಕು?" ಅಂದರು. ಅಲ್ಲಿಗೆ ನನ್ನ ವಾದ ಮುಗಿಯಿತು.

ಈಗ ಪರೀಕ್ಷೆಯ ಮಾತು. ಸಂಗೀತದ ವಿಶಾರದ ಪರೀಕ್ಷೆ, ಚಳಿಗಾಲದಲ್ಲಿ, ಬಳ್ಳಾರಿಯಲ್ಲಿ. ಎರಡು ಸಲ ಫಾರ್ಮು ತುಂಬಿ ಎರಡು ಸಲವೂ ಹೋಗಲಾಗಿರಲಿಲ್ಲ. ಒಮ್ಮೆ ನಾದಿನಿಯ ಬಾಣಂತನ, ಒಮ್ಮೆ ಮಗಳಿಗೆ ಕಾಮಾಲೆ. ಮೂರು ವರ್ಷದ ಹಿಂದೆ, ಮೂರನೆಯ ಸಲ, ಗುರುಗಳು ಫಾರ್ಮನ್ನು ನನ್ನ ಕೈಗೇ ಕೊಡಲಿಲ್ಲ. ತಾವೇ ತುಂಬಿದರು. ವಿಸ್ತಾರವಾಗಿ ಹಾಡುವ ರಾಗ ಎಂಬಲ್ಲಿ ಮಿಯಾ ಮಲ್ಹಾರ ಎಂದು ಬರೆದರು.

"ಬ್ಯಾರೆ ಬರೀರಿ ಗುರುಗಳ. ಮನ್ಯಾಗಿಂದು ನಿಮಗ ಗೊತ್ತೈತಲ್ಲ."

"ಬ್ಯಾರೆ ಹಾಡಿದ್ರ ಪಾಸ್ ಆಗ್ತಿ. ಇದನ್ನ ಹಾಡಿದ್ರ ಅವರು ಪೆನ್ನು ಕೆಳಗಿಟ್ಟು ಕೇಳ್ತಾರ" ಅಂದರು. ಆಮೇಲೆ ಹಾರ್ಮೋನಿಯಂ ಮುಚ್ಚಿ, "ಸಂಕ್ರಾಂತಿಗೆ ಈ ಮನಿ ಬಿಡತೀನಿ ತಂಗಿ. ಮಗಳ ಕಡೆ ಹೋಗಾಂವ. ಕಿವಿನೂ ಮೊದಲಿನಂಗ ಇಲ್ಲ. ಈ ಸಲ ಕೂತ್ರ ಕೂತಿ" ಅಂದರು.

ಕಿವಿಯ ವಿಷಯ ನನಗೆ ಗೊತ್ತಿತ್ತು. ಮಿಯಾ ಮಲ್ಹಾರದಲ್ಲಿ ಎರಡು ನಿಷಾದ ಸ್ವರ, ಒಂದು ಕೋಮಲ, ಒಂದು ಶುದ್ಧ, ನಡುವೆ ಒಂದು ಧೈವತದ ಅಡ್ಡ. ಒಂದೇ ಅಡುಗೆಮನೆಯ ಇಬ್ಬರು ಸೊಸೆಯಂದಿರ ಹಾಗೆ. ಒಬ್ಬಳ ಪಕ್ಕದಿಂದ ಇನ್ನೊಬ್ಬಳು ಸೆರಗು ತಾಗಿಸದೆ ದಾಟಬೇಕು. ಅದನ್ನು ನನಗೆ ಕಲಿಸಲು ಗುರುಗಳು ಒಂದು ಇಡೀ ಮಳೆಗಾಲ ತೆಗೆದುಕೊಂಡಿದ್ದರು. ಆ ವರ್ಷ ಅದೇ ಜಾಗಕ್ಕೆ ಬಂದಾಗ ಕಿವಿಯ ಹಿಂದೆ ಕೈ ಇಟ್ಟುಕೊಂಡು, "ಇನ್ನೊಮ್ಮೆ, ಇನ್ನೊಮ್ಮೆ" ಅನ್ನುತ್ತಿದ್ದರು. ನಾನು ತಪ್ಪಿದ್ದಕ್ಕಲ್ಲ. ಅವರಿಗೆ ಎರಡೂ ಒಂದೇ ಆಗಿ ಕೇಳಿಸುತ್ತಿದ್ದವು. ಈ ಸಲ ಬಿಟ್ಟರೆ ನನ್ನ ಪರೀಕ್ಷೆಯೂ ಇಲ್ಲ, ಇವರೂ ಇಲ್ಲ ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದೆ.

ವಾರಕ್ಕೆ ಎರಡು ದಿನ ಅವರ ಮನೆಯಲ್ಲಿ ಹಾಡಿದರೆ ಸಾಲದು, ದಿನವೂ ಅಭ್ಯಾಸ ಬೇಕು. ಮನೆಯಲ್ಲಿ ಬಾಯಿ ಬಿಡುವಂತಿಲ್ಲ. ಆಗ ನನಗೆ ಹೊಳೆದದ್ದು ಜಿನ್ನಿನ ಪಕ್ಕದ ಹತ್ತಿಕಾಳಿನ ಕೋಣೆ. ಮಷೀನು ಓಡುವಾಗ ಅಲ್ಲಿ ಎದುರಿಗೆ ನಿಂತವರು ಕೂಗಿದರೂ ಕೇಳುವುದಿಲ್ಲ. ಮಾವನವರು ಅಂಗಳದಲ್ಲಿ, ಗಂಡ ಗೋನೆಗಂಡ್ಲದ ಕಡೆ ಹತ್ತಿ ನೋಡಲು ಹೋಗಿರುತ್ತಿದ್ದರು. ನಾನು ಮಧ್ಯಾಹ್ನ ಕಾಳಿನ ರಾಶಿಗೆ ಬೆನ್ನು ಕೊಟ್ಟು ನಿಂತು, ಗಂಟಲು ಬಿಚ್ಚಿ ಮಲ್ಹಾರ ಹಾಡುತ್ತಿದ್ದೆ. ಮಷೀನಿನ ಗುಂಯ್ ಅನ್ನುವ ಸದ್ದೇ ನನ್ನ ತಂಬೂರಿ. ಹತ್ತಿ ಹೆಚ್ಚು ತುರುಕಿದಾಗ ಅದರ ಸದ್ದು ಇಳಿಯುತ್ತಿತ್ತು, ಅದರ ಜೊತೆ ನನ್ನ ಷಡ್ಜವೂ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ, ಎದೆಯಲ್ಲಿ ತಿಳಿಯುತ್ತಿತ್ತು ಅಷ್ಟೆ. ಕಳ್ಳತನದ ಅಭ್ಯಾಸ ಎಂದು ಗೊತ್ತಿದ್ದೂ ಆ ಕೋಣೆಯಲ್ಲಿ ನಾನು ಹಾಡಿದ ಹಾಗೆ ಬೇರೆಲ್ಲೂ ಹಾಡಿಲ್ಲ.

ಪರೀಕ್ಷೆಗೆ ಮೂರು ದಿನ ಇತ್ತು. ಬೆಳಿಗ್ಗೆ ಒಳ್ಳೆ ಬಿಸಿಲು, ಫೋನಿನಲ್ಲಿ ನೋಡಿದರೂ ಮಳೆಯ ಗುರುತಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರುಗಳು, ಗುಡ್ಡೆಯ ಸುತ್ತ ಕೂತು ಹುಳ ತಿಂದ ಎಸಳು ಆರಿಸುವ ಹೆಂಗಸರು. ನಾನು ಕೋಣೆಯಲ್ಲಿ ಮೇಲಿನ ಷಡ್ಜದ ಕಡೆ ಏರುತ್ತಿದ್ದೆ. ಕಣ್ಣು ಮುಚ್ಚಿತ್ತು. ಕೋಮಲ ನಿಷಾದ, ಧೈವತ, ಶುದ್ಧ ನಿಷಾದ, ಇನ್ನೇನು ಷಡ್ಜ ಮುಟ್ಟಬೇಕು, ಕರೆಂಟು ಹೋಯಿತು.

ಮಷೀನು ಒಮ್ಮೆಲೇ ನಿಂತಿತು. ನಾನು ನಿಲ್ಲಲಿಲ್ಲ. ಅಂಥ ಕಡೆ ಥಟ್ಟನೆ ನಿಲ್ಲಲು ಬರುವುದಿಲ್ಲ, ಉಸಿರು ಮುಂದೆ ಹೋಗಿರುತ್ತದೆ. ಇಡೀ ಅಂಗಳದ ನಿಶ್ಶಬ್ದದಲ್ಲಿ ನನ್ನ ದನಿ ಒಂದೇ ಬೆತ್ತಲೆ ನಿಂತಿತ್ತು. ಷಡ್ಜಕ್ಕೆ ಮುಟ್ಟಿದ ಮೇಲೆಯೇ ಕಣ್ಣು ಬಿಟ್ಟೆ. ತೆರೆದ ಬಾಗಿಲಿನಾಚೆ ಎಲ್ಲರೂ ಕೆಲಸ ಬಿಟ್ಟು ನನ್ನನ್ನು ನೋಡುತ್ತಿದ್ದರು. ಮಾವನವರು ದೊಡ್ಡ ಗುಡ್ಡೆಯ ಪಕ್ಕದಲ್ಲಿ, ಕೈಯಲ್ಲಿ ಒಂದು ಹಿಡಿ ಹತ್ತಿ ಹಿಡಿದು ನಿಂತಿದ್ದರು. ಅವರು ನನ್ನನ್ನು ನೋಡಿದರು. ಆಮೇಲೆ ನಿಧಾನವಾಗಿ ಮುಖ ತಿರುಗಿಸಿ ಆಕಾಶ ನೋಡಿದರು. ಎಲ್ಲರೂ ಆಕಾಶ ನೋಡಿದರು.

ಮೂಡಲ ದಿಕ್ಕಿನಲ್ಲಿ, ರೈಲು ಹಳಿಯ ಆಚೆ, ಒಂದು ಮೋಡ ಇತ್ತು. ದೊಡ್ಡದೇನಲ್ಲ.

"ತಾಡಪತ್ರಿ!" ಎಂದು ಮಾವನವರು ಕೂಗಿದರು. "ಜಲ್ದಿ! ಎಲ್ಲಾ ಬಿಟ್ಟು ತಾಡಪತ್ರಿ ಎಳೀರಿ!"

ಹಮಾಲರು ಓಡಿದರು, ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದರು, ಎಪ್ಪತ್ತು ದಾಟಿದ ಮಾವನವರು ಹತ್ತಿ ಮುಚ್ಚುವ ದಪ್ಪ ತಾಡಪತ್ರಿಯ ಒಂದು ತುದಿ ಹಿಡಿದು ಗುಡ್ಡೆ ಹತ್ತಿದರು. ನಾನೂ ಹೋಗಿ ಹಗ್ಗ ಎಳೆದೆ. ಎಲ್ಲ ಮುಚ್ಚಿದ್ದಾಯಿತು. ಮಳೆ ಬರಲಿಲ್ಲ. ಕಾಲು ತಾಸು ಆಯಿತು, ಅರ್ಧ ತಾಸು ಆಯಿತು. ಹತ್ತಿ ತಂದ ರೈತರು ಟ್ರ್ಯಾಕ್ಟರಿನ ಮೇಲೆ ಕೂತು ಗೊಣಗತೊಡಗಿದರು. ಒಬ್ಬ ತೆಲುಗಿನಲ್ಲಿ ಏನೋ ಅಂದ, ಇಬ್ಬರು ನಕ್ಕರು. ಮಾವನವರ ಮುಖ ಕೆಂಪಗಾಯಿತು. ಮಳೆ ಬಂದರೆ ತರಿಸಿದವಳು ನಾನು. ಬರದಿದ್ದರೆ ಅವರನ್ನು ಮಾರ್ಕೆಟ್ಟಿನ ಬಾಯಿಗೆ ಹಾಕಿದವಳೂ ನಾನೇ. ಅತ್ತ ದರಿ, ಇತ್ತ ಪುಲಿ. ನಾನು ಬಾಗಿಲ ಕಂಬ ಹಿಡಿದು ಆ ಒಂದು ಮೋಡವನ್ನು ನೋಡುತ್ತ ನಿಂತೆ.

ಎಸಳು ಆರಿಸುವ ಮುದುಕಿಯೊಬ್ಬಳು ನನ್ನ ಪಕ್ಕ ಬಂದು ನಿಂತಳು. ಮೂಗು ಮೇಲೆತ್ತಿ ಗಾಳಿ ಮೂಸಿದಳು. "ವಸ್ತುಂದಿ ಅವ್ವ, ಬರ್ತೈತಿ" ಅಂದಳು.

ಬಂತು. ಮೊದಲು ಗಾಳಿ, ಆಮೇಲೆ ತಾಡಪತ್ರಿಯ ಮೇಲೆ ದಪ್ಪ ಹನಿಗಳ ಸದ್ದು, ಆಮೇಲೆ ಎದುರಿನ ಗೋಡೆಯೂ ಕಾಣದಷ್ಟು ಮಳೆ. ಆಗ ನನಗೆ ಏನಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ನನಗೆ ಹೆಮ್ಮೆಯಾಯಿತು. ಹತ್ತಿ, ಮಾವನವರು, ರೈತರು, ಯಾರೂ ನೆನಪಿಗೆ ಬರಲಿಲ್ಲ. ನಾನು ಕರೆದೆ, ಬಂತು ಎಂದು ಮೈ ಝುಮ್ಮೆಂದಿತು. ಡಿಗ್ರಿಯಲ್ಲಿ ವಿಜ್ಞಾನ ಓದಿದವಳು ನಾನು. ಆ ಹೆಮ್ಮೆ ಒಂದು ಗಳಿಗೆಯಷ್ಟೇ ಇತ್ತು, ಅದರ ನಾಚಿಕೆ ಇನ್ನೂ ಹೋಗಿಲ್ಲ.

ನಮ್ಮ ಹತ್ತಿ ಪೂರ್ತಿ ಉಳಿಯಿತು. ಸುತ್ತಮುತ್ತಲಿನ ಅಂಗಳಗಳಲ್ಲಿ ನೆನೆಯದೆ ಉಳಿದದ್ದು ಕಡಿಮೆ. ನಾನು ಹಾಡಿದ್ದರಿಂದಲೇ ಅಲ್ಲವೇ ಹೊತ್ತಿಗೆ ಮುಚ್ಚಿದ್ದು, ಇನ್ನು ಮಾವನವರು ಮೆತ್ತಗಾಗುತ್ತಾರೆ ಎಂದು ನನ್ನ ಲೆಕ್ಕ. ಸಂಜೆ ಅವರು ಪಡಸಾಲೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದಾಗ ನನ್ನನ್ನು ಕರೆದರು.

"ಪರೀಕ್ಷಾ ಬಳ್ಳಾರ್ಯಾಗ ಅಲ್ಲೇನವ್ವ?"

"ಹೌದ್ರಿ."

"ಅಲ್ಲೂ ಇದನ್ನೇ ಹಾಡಾಕಿ?"

ಹೂಂ ಅಂದೆ.

"ಬಳ್ಳಾರ್ಯಾಗ ನಿನ್ನ ನಾದಿನಿ ಮನೀದು ಹತ್ತಿ ಐತಿ. ಅವರ ಅಂಗಳನೂ ಖುಲ್ಲಾನೇ ಐತಿ. ನಮ್ಮ ಮನಿ ಸೊಸಿ ಹೋಗಿ, ನಮ್ಮ ಮಗಳ ಮನಿ ಹತ್ತಿ ಮ್ಯಾಲೆ ಮಳಿ ಕರದ್ಲು ಅಂತ ಆಗಬಾರ್ದು."

"ಮಾವಾರ, ಹಾಡಿಗೂ ಮಳೀಗೂ ಸಂಬಂಧ ಇಲ್ರಿ. ಅದು ಸಮುದ್ರದ ಕಡೆಯಿಂದ ಬಂದ ಮೋಡ."

"ಸಮುದ್ರ ಎಷ್ಟು ದೂರ ಐತವ್ವ ನಮಗ? ಸುಮ್ನೆ ಬರ್ತೈತೇನು ಅಷ್ಟು ದೂರದಿಂದ?" ಅಂದರು. ನಂತರ ಕೈ ಮುಂದೆ ಚಾಚಿದರು, ಮಾರ್ಕೆಟ್ಟಿನಲ್ಲಿ ವ್ಯಾಪಾರ ಕುದುರಿಸುವಾಗ ಚಾಚುವಂತೆ. "ಪರೀಕ್ಷಾಕ ಹೋಗು. ಬ್ಯಾರೆ ಹಾಡು. ಇದನ್ನ ಹಾಡೂದಿಲ್ಲ ಅಂತ ಮಾತು ಕೊಡು."

ಸಿಟ್ಟಿನಿಂದ ನನ್ನ ಕಣ್ಣಲ್ಲಿ ನೀರು ಬಂತು. ಒಲ್ಲೆ ಅನ್ನಬಹುದಿತ್ತು. ಆದರೆ ಹಗ್ಗ ಎಳೆದು ಆ ಅಂಗೈ ಸುಲಿದಿತ್ತು, ಅರಿಸಿಣ ಹಚ್ಚಿಕೊಂಡಿದ್ದರು. ಕೈ ಮೇಲೆ ಕೈ ಇಟ್ಟೆ.

ಬಳ್ಳಾರಿ ಬಸ್ಸಿನಲ್ಲಿ ಗುರುಗಳು ಹಾರ್ಮೋನಿಯಮ್ಮನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಆಲೂರು ದಾಟಿದ ಮೇಲೆ ನಾನು ಅವರ ಕಿವಿಯ ಹತ್ತಿರ ಬಾಯಿ ಒಯ್ದು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ಅವತ್ತು ಹೋಳಿಗಿ ತಿಂದು ಬಾಯಿ ಬಿಟ್ಟಾಂವ ನಾನು" ಅಂದರು. "ಮಾತು ಕೊಟ್ಟಿ ಅಂದ್ರ ಉಳಿಸ್ಕೋ. ಬಾಗೇಶ್ರೀ ಹಾಡ್ತೀನಿ ಅಂತ ಕೇಳು. ಒಪ್ಪಿದ್ರ ಒಪ್ಪಿದ್ರು."

ಒಪ್ಪಲಿಲ್ಲ. ಪರೀಕ್ಷೆ ಒಂದು ಹಳೆಯ ಶಾಲೆಯ ಕೋಣೆಯಲ್ಲಿ ನಡೆದಿತ್ತು. ಪರೀಕ್ಷಕರಲ್ಲಿ ಹಿರಿಯರಾದ ಒಬ್ಬ ಹೆಂಗಸು ಫಾರ್ಮನ್ನೂ ನನ್ನ ಮುಖವನ್ನೂ ನೋಡಿದರು.

"ಇಲ್ಲಿ ಮಿಯಾ ಮಲ್ಹಾರ ಅಂತ ನೀವೇ ಬರೆದಿದ್ದೀರಲ್ಲ. ಬರುವುದಿಲ್ಲವೇ?"

"ಬರುತ್ತದೆ."

"ಮತ್ತೆ?"

ಏನೆಂದು ಹೇಳಲಿ? ಊರಲ್ಲಿ ಹತ್ತಿ ಇದೆ, ಮಳೆ ಬಂದೀತು ಎಂದು ಹೇಳಲೇ? "ಮನೆಯಲ್ಲಿ ಮಾತು ಕೊಟ್ಟಿದ್ದೇನೆ" ಎಂದಷ್ಟೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಫಾರ್ಮಿನಲ್ಲಿ ಇದ್ದದ್ದನ್ನು ಬದಲಿಸಲು ಬರುವುದಿಲ್ಲ, ಊಟದ ನಂತರ ಕೊನೆಯವರಾಗಿ ಕರೆಯುತ್ತೇನೆ, ಅಷ್ಟರಲ್ಲಿ ತೀರ್ಮಾನಿಸಿಕೊಳ್ಳಿ ಅಂದರು.

ವರಾಂಡದಲ್ಲಿ ನಿಂತೆ. ಆಕಾಶ ಒರೆಸಿ ಇಟ್ಟಂತೆ ಇತ್ತು. ಸುಮ್ಮನೆ ಒಳಗೆ ಹೋಗಿ ಹಾಡಿ ಬಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗುರುಗಳೂ ಬಾಯಿ ಬಿಡುತ್ತಿರಲಿಲ್ಲ. ಹಾಗೆ ಮಾಡೋಣ ಅಂತಲೇ ಎರಡು ಹೆಜ್ಜೆ ಇಟ್ಟೆ. ಆಮೇಲೆ ಒಂದು ವಿಚಾರ ಬಂದು ಕಾಲು ನಿಂತವು. ನನ್ನ ಗಂಡನಿಗೆ ನನ್ನ ಹಾಡು ಒಂದು ಹವ್ಯಾಸ. ಅಣ್ಣನಿಗೆ ತಮಾಷೆ. ನನ್ನ ದನಿ ಆಕಾಶದವರೆಗೆ ಹೋಗಿ ಮುಟ್ಟುತ್ತದೆ ಎಂದು ನಿಜವಾಗಿ ನಂಬಿದ ಮನುಷ್ಯ ನನ್ನ ಬದುಕಿನಲ್ಲಿ ಒಬ್ಬರೇ. ಅವರಿಗೇ ಸುಳ್ಳು ಹೇಳಿ ಹಾಡಬೇಕಿತ್ತು. ಅದು ನನ್ನಿಂದ ಆಗಲಿಲ್ಲ. ಫೋನ್ ಮಾಡಿದೆ.

"ಮಾವಾರ, ಅದನ್ನೇ ಹಾಡಬೇಕು ಅಂತಾರ್ರಿ. ಇಲ್ಲಂದ್ರ ಹಂಗೇ ಮನಿಗೆ ಬರಬೇಕು."

ಅತ್ತಲಿಂದ ಜಿನ್ನಿನ ಸದ್ದಷ್ಟೇ ಕೇಳುತ್ತಿತ್ತು. ಆಮೇಲೆ ಅದು ದೂರವಾಯಿತು, ಮನೆಯ ಕಡೆ ನಡೆದರೆಂದು ಕಾಣುತ್ತದೆ.

"ಅಲ್ಲಿ ಆಕಾಶ ಹೆಂಗೈತಿ?"

"ನಿಚ್ಚಳ ಐತ್ರಿ. ಬಿಸಿಲು."

"ಅವತ್ತೂ ಬಿಸಿಲ ಇತ್ತು."

"ಹೌದ್ರಿ."

ಅವರ ಉಸಿರು ಕೇಳುತ್ತಿತ್ತು. ನಾನು ಬೇಡಿಕೊಳ್ಳಲಿಲ್ಲ. ಬೇಡಿಕೊಂಡಿದ್ದರೆ ಅತ್ತುಬಿಡುತ್ತಿದ್ದೆ.

"ಹಾಡದೆ ಬರ್ತೀನಂತ ಹೇಳಾಕ ಫೋನ್ ಮಾಡಿದೇನು, ಹಾಡ್ಲಿ ಅಂತ ಕೇಳಾಕ ಮಾಡಿದೇನು?"

"ಕೇಳಾಕ ಮಾಡೀನ್ರಿ."

"ಒಂದ್ ಹತ್ತು ನಿಮಿಷ ತಡಿ" ಅಂದು ಫೋನ್ ಇಟ್ಟುಬಿಟ್ಟರು.

ಹತ್ತು ನಿಮಿಷ ಇಪ್ಪತ್ತಾಯಿತು. ಊಟ ಮುಗಿಸಿ ಪರೀಕ್ಷಕರು ಒಳಗೆ ಹೋದರು. ನನಗಿಂತ ಮೊದಲಿನ ಹುಡುಗಿಯನ್ನು ಕರೆದರು. ಅವಳ ಯಮನ್ ರಾಗ ಮುಗಿಯುತ್ತ ಬಂದಿತ್ತು. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಹೊಡೆದುಕೊಂಡಿತು, ನೋಡಿದರೆ ಮಾವನವರಲ್ಲ, ಬಳ್ಳಾರಿಯ ನಾದಿನಿ.

"ಅತ್ತಿಗಿ, ಏನ್ ನಡಸೀರಿ ನೀವು? ಅಪ್ಪ ನಮ್ಮ ಮಾವಾರಿಗೆ ಫೋನ್ ಮಾಡಿ, ನಮ್ಮ ಸೊಸಿ ನಿಮ್ಮೂರಾಗ ಮಳಿ ರಾಗ ಹಾಡ್ತಾಳ, ಹತ್ತಿ ಮ್ಯಾಲೆ ತಾಡಪತ್ರಿ ಹಾಕ್ರಿ ಅಂದಾನ! ನಮ್ಮ ಮಾವಾರು ನಕ್ಕು ನಕ್ಕು ಸಾಕಾಗ್ಯಾರ. ಇಷ್ಟು ಬಿಸಿಲಾಗ ಹಾಕ್ರಿ ಅಂದ್ರ ಹಮಾಲರೂ ನಗಾಕತ್ತಾರ."

"ಹಾಕಾಕತ್ತಾರೇನು?"

"ಹಾಕಾಕತ್ತಾರ. ಅಪ್ಪ ಕೈ ಮುಗದು ಕೇಳ್ತೀನಿ ಅಂದ್ನಂತ, ಹಾಕದೆ ಏನ್ ಮಾಡ್ತಾರ?"

ನಾನು ಗೋಡೆಗೆ ಒರಗಿದೆ. ಬೀಗರ ಮುಂದೆ ಹೆಣ್ಣು ಕೊಟ್ಟವರು ಎಷ್ಟು ಬಿಗಿಯಾಗಿ ನಡೆದುಕೊಳ್ಳುತ್ತಾರೆ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಾಳೆ ಎರಡೂ ಊರಿನ ಹತ್ತಿ ಮಾರ್ಕೆಟ್ಟಿನಲ್ಲಿ ಇದೇ ಮಾತಾಗುತ್ತದೆ ಎಂದು ಅವರಿಗೆ ಗೊತ್ತಿಲ್ಲದ್ದಲ್ಲ. ಐವತ್ತು ವರ್ಷದ ಮರ್ಯಾದೆಯನ್ನು ಬಿಸಿಲಿನಲ್ಲಿ ಹರವಿ ಕೂತಿದ್ದರು ಆ ಮನುಷ್ಯ, ನಾನು ಹಾಡಲಿ ಎಂದು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಇದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಫೋನ್ ಮತ್ತೆ ಹೊಡೆದುಕೊಂಡಿತು. "ಮುಚ್ಚ್ಯಾರಂತ. ಹಾಡು" ಅಂದರು ಮಾವನವರು. ಅಷ್ಟೇ.

ಒಳಗೆ ಹೋದೆ. ಗುರುಗಳು ಹಾರ್ಮೋನಿಯಂ ತೆರೆದು ನನ್ನ ಮುಖ ನೋಡಿದರು. ತಲೆಯಾಡಿಸಿದೆ. ಕಣ್ಣು ಮುಚ್ಚಿದರೆ ಎದುರಿಗೆ ಬಂದದ್ದು ಮೋಡವೂ ಅಲ್ಲ, ಬಾದಶಹನ ಆಸ್ಥಾನವೂ ಅಲ್ಲ, ಹತ್ತಿಕಾಳಿನ ಕೋಣೆ. ಕೆಳಗಿನ ಷಡ್ಜದಿಂದ ನಿಧಾನವಾಗಿ ಎದ್ದೆ. ಗಾಂಧಾರ ತೂಗಿತು. ಎರಡು ನಿಷಾದಗಳು ಸೆರಗು ತಾಗಿಸದೆ ದಾಟಿದವು. ಎಷ್ಟು ಹೊತ್ತು ಹಾಡಿದೆನೋ ತಿಳಿಯದು, ಕಣ್ಣು ಬಿಟ್ಟಾಗ ಆ ಹಿರಿಯ ಹೆಂಗಸಿನ ಪೆನ್ನು ಮೇಜಿನ ಮೇಲಿತ್ತು. ಹೊರಗೆ ಬರುತ್ತ ಗುರುಗಳು, "ಎರಡೂ ನಿಷಾದ ಬ್ಯಾರೆ ಬ್ಯಾರೆ ಕೇಳಿಸಿದ್ವು ತಂಗಿ" ಅಂದರು. ನಿಜವಾಗಿ ಕೇಳಿಸಿದವೋ, ನನ್ನ ಸಮಾಧಾನಕ್ಕೆ ಅಂದರೋ, ನಾನು ಕೇಳಲಿಲ್ಲ.

ಹೊರಗೆ ಅದೇ ಬಿಸಿಲು. ರಸ್ತೆಯ ಮೇಲೆ ಧೂಳು. ಮೋಡದ ಒಂದು ಚೂರೂ ಇಲ್ಲ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಮನೆಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಬಂತೇನವ್ವ?"

"ಇಲ್ರಿ ಮಾವಾರ. ಒಂದು ಹನೀನೂ ಬಂದಿಲ್ಲ" ಅಂದೆ. ಅವರಿಗೆ ಸಮಾಧಾನವಾಗಲಿ ಎಂದು ಹೇಳಿದೆ, ಆದರೆ ಹೇಳುವಾಗ ನನ್ನ ದನಿ ಸಣ್ಣದಾಯಿತು.

"ಮಳಿ ಅಲ್ಲವ್ವ" ಅಂದರು. "ನಾ ಕೇಳಿದ್ದು ಹಾಡು. ಹಾಡು ಬಂತಾ?"

ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಅಳು ಬಂತು. ಗುರುಗಳು ಹಾರ್ಮೋನಿಯಂ ಹಿಡಿದುಕೊಂಡು ಗಾಬರಿಯಿಂದ ನನ್ನನ್ನೇ ನೋಡುತ್ತಿದ್ದರು.

"ಬಂತ್ರಿ" ಅಂದೆ.

"ಹಂಗಾದ್ರ ಮಳ್ಳಾ ರಾ ಮನಿಗೆ" ಅಂದರು ಮಾವನವರು. "ಜಲ್ದಿ ಹತ್ತು, ಬಸ್ಸು ತಪ್ಪೀತು."